ಬಾಲಗೋಪಾಲವೇಷ ಮತ್ತು ಬಂದಿಗಳ ಮಕ್ಕಳು

೧

ಬಡಗುತಿಟ್ಟಿನ ಯಕ್ಷಗಾನದ ಪೂರ್ವರಂಗದಲ್ಲಿ ಕೋಡಂಗಿಗಳು ಕುಣಿದು ಸರಿದ ಬಳಿಕ ಬಾಲಗೋಪಾಲವೇಷಗಳು ರಂಗವನ್ನು ಪ್ರವೇಶಿಸುತ್ತವೆ. ಕಲಿಯುವ ಹಂಬಲದಿಂದ ಮೇಳವನ್ನು ಸೇರಿದ ಹುಡುಗನಿಗೆ ಮೊದಮೊದಲು ಒದಗುವ ವೇಷಗಳಲ್ಲಿ ಇದೂ ಒಂದು. ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳ ಪ್ರೇಕ್ಷಕನಿಗೆ ಇದು ತೀರ ಬಳಕೆಯ ನೋಟ. ಆದುದರಿಂದಲೇ ಆ ಇಬ್ಬರು ಬಾಲಕರು ಯಾರ ಮಕ್ಕಳೆಂಬ ಪ್ರಶ್ನೆಯನ್ನು ಅವನು ಕೇಳಿಕೊಳ್ಳುವುದಿಲ್ಲ. ಅವರು ಗೋಕುಲದಲ್ಲಿ ಬೆಳೆಯುತ್ತಿರುವ ಬಲರಾಮಕೃಷ್ಣರು. ಅವರ ತಂದೆ ವಸುದೇವನು ಮಥುರೆಯಲ್ಲಿ ಕಂಸನ ಸೆರೆಯನ್ನು ಕಂಡವನು. ಎಂದರೆ, ಈ ಸೀಮೆಯ ರಂಗಭೂಮಿ ತನ್ನ ಮೊದಲ ಹೆಜ್ಜೆಗಳನ್ನು ಕಲಿಸುವುದು ಬಂದಿಯೊಬ್ಬನ ಮಗನ ವೇಷದಲ್ಲಿ.

ಈ ಮಾತನ್ನು ಚಮತ್ಕಾರಕ್ಕಾಗಿ ಹೇಳಿದುದಲ್ಲ. ತಂದೆಯೋ ತಾಯಿಯೋ ಒಡಹುಟ್ಟಿದವರೋ ಸೆರೆಮನೆಯಲ್ಲಿರುವ ಹದಿಹರೆಯದ ಮಕ್ಕಳಿಗೆ ಕಲೆಯ ಮೂಲಕ ಆಸರೆಯಾಗಬೇಕೆಂಬ ವಿಚಾರ ಈಚೆಗೆ ಹಲವು ದೇಶಗಳಲ್ಲಿ ಕೇಳಿಬರುತ್ತಿದೆ. ಚಿತ್ರ ಬರೆಯಿಸುವುದು, ಕವಿತೆ ಕಟ್ಟಿಸುವುದು, ನಾಟಕವಾಡಿಸುವುದು ಅದರ ಸಾಮಾನ್ಯ ಕ್ರಮಗಳು. ಉದ್ದೇಶವು ಶ್ಲಾಘ್ಯವಾದುದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ಕಲೆ, ಯಾವ ಕಥೆ, ಯಾವ ಕ್ರಮದಲ್ಲಿ ಎಂಬುದು ಸಮಾಜಸೇವೆಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಅದು ಔಚಿತ್ಯದ ಪ್ರಶ್ನೆಯಾದುದರಿಂದ ಸಾಹಿತ್ಯವಿಮರ್ಶೆಗೂ ಸೇರಿದುದು. ಇಂಥ ಮಕ್ಕಳಿಗೆ ಕಲೆಯು ಮಾಡಬಹುದಾದ ಹಿರಿಯ ಉಪಕಾರ ಸಾಂತ್ವನವೂ ಅಲ್ಲ, ಒಡಲ ದುಃಖವನ್ನು ಹತ್ತು ಜನರ ಮುಂದೆ ತೋಡಿಕೊಳ್ಳುವ ಅವಕಾಶವೂ ಅಲ್ಲ. ತಪ್ಪನ್ನು ತಪ್ಪೆಂದು ಬಲ್ಲವರಾಗಿಯೇ ತಪ್ಪಿತಸ್ಥನೆನಿಸಿದವನ ಪರವಾಗಿ ಬಾಯಿ ತೆರೆಯುವ ಶಕ್ತಿ ಎಂಬುದು ನಮ್ಮ ಅಭಿಪ್ರಾಯ. ಈ ಶಕ್ತಿಯನ್ನು ಕಲಿಸುವ ಸಾಮಗ್ರಿ ಯಕ್ಷಗಾನದಲ್ಲಿಯೂ ತಾಳಮದ್ದಳೆಯಲ್ಲಿಯೂ ಎಷ್ಟರಮಟ್ಟಿಗೆ ಇದೆ, ಅದನ್ನು ಬಳಸುವಲ್ಲಿ ಎಚ್ಚರವಿರಬೇಕಾದ ಎಡೆಗಳು ಯಾವುವು ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲಾಗಿದೆ.

೨

ಮೊದಲು ಆ ಹುಡುಗನ ಅಥವಾ ಹುಡುಗಿಯ ಸ್ಥಿತಿಯನ್ನು ತಿಳಿದುಕೊಳ್ಳುವುದು ಅವಶ್ಯಕ. ೨೦೦೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆರ್. ಡಿ. ಉಪಾಧ್ಯಾಯ ಮೊಕದ್ದಮೆಯ ತೀರ್ಪಿನಲ್ಲಿ, ತಾಯಿಯೊಡನೆ ಸೆರೆಮನೆಯಲ್ಲಿ ವಾಸಿಸುವ ಶಿಶುಗಳ ಆಹಾರ, ಆರೋಗ್ಯ, ವಿದ್ಯೆ ಮುಂತಾದವನ್ನು ಕುರಿತು ವಿವರವಾದ ಸೂಚನೆಗಳನ್ನು ಕೊಟ್ಟಿತು. ಅದರಂತೆ ಮಗುವು ಆರು ವರ್ಷ ತುಂಬುವವರೆಗೆ ತಾಯಿಯೊಡನೆ ಇರಬಹುದು. ಅನಂತರ ಅದು ನೆಂಟರ ಮನೆಗೋ ಸಂಸ್ಥೆಯೊಂದಕ್ಕೋ ಹೋಗತಕ್ಕದ್ದು. ಅಲ್ಲಿಂದ ಮುಂದೆ ಅದು ಸೆರೆಮನೆಯ ಗೋಡೆಗಳಿಂದ ಹೊರಗೆ ಬಂದಂತೆಯೇ ಸಾರ್ವಜನಿಕರ ಗಮನದಿಂದಲೂ ಹೊರಗಾಗುತ್ತದೆ. ಹದಿಮೂರು ಹದಿನಾಲ್ಕರ ಪ್ರಾಯದಲ್ಲಿ, ತಂದೆಯ ಹೆಸರು ಪತ್ರಿಕೆಯಲ್ಲಿ ಬಂದ ಬಗೆಯನ್ನು ತಾನೇ ಓದಿ ತಿಳಿಯಬಲ್ಲ ಪ್ರಾಯದಲ್ಲಿ, ಅದನ್ನು ನೋಡುವವರು ಯಾರೂ ಇರುವುದಿಲ್ಲ. ಬೆಂಗಳೂರಿನ ಸೋಕೇರ್ ಇಂಡ್ ಎಂಬ ಸಂಸ್ಥೆ ಬಂದಿಗಳ ಮಕ್ಕಳನ್ನು ಸಾಕಿ ಓದಿಸಿದುದು ಈ ಮಾತಿಗೆ ಒಂದು ಗೌರವದ ಅಪವಾದ.

ನಮ್ಮ ಮೂರು ತಾಲೂಕುಗಳ ಸಂಸಾರಗಳಿಗೆ ಸೆರೆಮನೆಯೆಂದರೆ ಮುಖ್ಯವಾಗಿ ಹಿರಿಯಡ್ಕದ ಬಳಿಯ ಜಿಲ್ಲಾ ಕಾರಾಗೃಹ. ಶಿಕ್ಷೆ ದೀರ್ಘವಾದರೆ ಘಟ್ಟದ ಮೇಲಿನ ಯಾವುದಾದರೊಂದು ಕೇಂದ್ರ ಕಾರಾಗೃಹ. ಬೈಂದೂರಿನ ಕಡೆಯಿಂದ ಹೊರಟು ಒಮ್ಮೆ ಮುಖ ನೋಡಿ ಬರುವುದೆಂದರೆ ಮನೆಯವರಿಗೆ ಒಂದು ದಿನದ ಕೂಲಿ ಹೋಗುವುದಲ್ಲದೆ ಬಸ್ಸಿನ ವೆಚ್ಚವೂ ಸೇರುತ್ತದೆ. ಶಾಲೆಯಲ್ಲಿ ಗೆಳೆಯರು ಕೇಳಿದರೆ ಹುಡುಗನು ಏನೆನ್ನಬೇಕು? ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದಾನೆ ಎನ್ನಬಹುದು. ತಲೆಮಾರುಗಳಿಂದ ಹೋಟೆಲಿನ ದುಡಿಮೆಗಾಗಿ ಊರು ಬಿಟ್ಟವರ ಸೀಮೆಯಿದು. ಇಲ್ಲಿ ಆ ಸುಳ್ಳು ಸುಲಭವಾಗಿ ಸಲ್ಲುತ್ತದೆ. ಹಾಗೆ ಸಲ್ಲುವುದರಿಂದಲೇ ಅದನ್ನು ಹೊತ್ತು ನಡೆಯುವುದು ಕಷ್ಟ.

ಇದರೊಡನೆ ಇನ್ನೊಂದು ಸಂಗತಿಯನ್ನು ನೆನೆಯಬೇಕು. ೨೦೨೨ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದ ೫,೭೩,೨೨೦ ಮಂದಿಯಲ್ಲಿ ೪,೩೪,೩೦೨ ಮಂದಿ ವಿಚಾರಣಾಧೀನರು. ಎಂದರೆ ನಾಲ್ವರಲ್ಲಿ ಮೂವರ ವಿಷಯದಲ್ಲಿ ಅಪರಾಧಿಗಳೆಂದಾಗಲಿ ನಿರಪರಾಧಿಗಳೆಂದಾಗಲಿ ನ್ಯಾಯಾಲಯವೇ ಇನ್ನೂ ಹೇಳಿರಲಿಲ್ಲ. ನ್ಯಾಯಾಲಯವು ವರ್ಷಗಟ್ಟಲೆ ತಡೆದಿರಿಸಿಕೊಂಡ ತೀರ್ಪನ್ನು ಊರು ಒಂದೇ ದಿನದಲ್ಲಿ ಕೊಟ್ಟುಬಿಡುತ್ತದೆ. ಮನೆಯಲ್ಲಿರುವ ಮಗುವು ಅದನ್ನು ಪ್ರತಿದಿನವೂ ಕೇಳಬೇಕಾಗುತ್ತದೆ.

ಸ್ವಾತಂತ್ರ್ಯ ಸಂಗ್ರಾಮದ ಕಾಲದಲ್ಲಿ ಸೆರೆಮನೆಗೆ ಬೇರೊಂದು ಅರ್ಥವಿದ್ದಿತು. ನೆಹರೂ ಅವರು ಸೆರೆಯಿಂದ ಮಗಳಿಗೆ ಜಗತ್ತಿನ ಚರಿತ್ರೆಯನ್ನು ಪತ್ರಗಳ ರೂಪದಲ್ಲಿ ಬರೆಯತೊಡಗಿದುದು ೧೯೩೦ರಲ್ಲಿ, ಆಕೆಗೆ ಹದಿಮೂರು ತುಂಬಿದ ಸಂದರ್ಭದಲ್ಲಿ. ಆ ಸೆರೆ ಮಗಳಿಗೆ ಹೆಮ್ಮೆಯ ವಿಷಯವಾಗಿತ್ತು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಇದೇ ಕಡಲಕರೆಯನ್ನು ಚಿತ್ರಿಸಿರುವ ‘ಮರಳಿ ಮಣ್ಣಿಗೆ’ಯಲ್ಲಿ ರಾಮನು ಚಳವಳಿಯಲ್ಲಿ ಸೆರೆಮನೆ ಕಾಣುತ್ತಾನೆ. ನಿರಂಜನರ ‘ಚಿರಸ್ಮರಣೆ’ಯು ಕಯ್ಯೂರಿನ ರೈತರ ಹೋರಾಟವನ್ನೂ, ೧೯೪೩ರಲ್ಲಿ ಗಲ್ಲಿಗೇರಿದ ನಾಲ್ವರನ್ನೂ ಅಮರಗೊಳಿಸಿತು. ಹೀಗೆ ಗೌರವದ ಸೆರೆಯನ್ನು ನಮ್ಮ ಕಾದಂಬರಿ ಚೆನ್ನಾಗಿ ಬಲ್ಲುದು. ಆದರೆ ಕಳವು, ಹೊಡೆದಾಟ, ಕೊಲೆ ಇವುಗಳ ಆರೋಪದಿಂದ ಒಳಗಾದವನ ಮನೆಯ ಹದಿಹರೆಯದ ಮಗುವಿಗೆ ಅದರಲ್ಲಿ ದೊರೆತಿರುವ ಎಡೆ ಬಲು ಕಿರಿದು. ಪುರಾಣವೂ ಅದನ್ನು ಆಧರಿಸಿದ ಬಯಲಾಟವೂ ಈ ವಿಷಯದಲ್ಲಿ ಹೆಚ್ಚು ಧಾರಾಳವಾಗಿವೆ.

೩

ಕಲೆಯು ದುಃಖಿತರಿಗೆ ವಿಶ್ರಾಂತಿಯನ್ನು ಕೊಡುತ್ತದೆಂಬುದು ಭರತನಷ್ಟು ಹಳೆಯ ಮಾತು. ಆದರೆ ಯಾವ ದ್ವಾರದಿಂದ ಕೊಡುತ್ತದೆಂಬುದನ್ನು ಸೂಕ್ಷ್ಮವಾಗಿ ವಿಚಾರಿಸಿದವನು ಅಭಿನವಗುಪ್ತ. ರಸಾಸ್ವಾದಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಅವನು ಎಣಿಸುತ್ತಾನೆ. ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿಬಿಡುವುದು ಅವುಗಳಲ್ಲಿ ಒಂದು. ತನ್ನ ಮನೆಯ ದುಃಖದಲ್ಲಿ ಮುಳುಗಿದವನಿಗೆ ರಂಗದ ಮೇಲಿನ ದುಃಖ ಕಾಣಿಸುವುದಿಲ್ಲ. ಇದಕ್ಕೆ ಪರಿಹಾರವಾಗಿ ಅವನು ಹೇಳುವುದು ಗೀತ, ವಾದ್ಯ, ರಂಗಮಂಟಪದ ಅಲಂಕಾರ ಮೊದಲಾದವುಗಳನ್ನು. ಅವು ಪ್ರೇಕ್ಷಕನನ್ನು ಅವನ ‘ನಾನು’ ಎಂಬುದರಿಂದ ಬಿಡಿಸಿ, ಎಲ್ಲರಿಗೂ ಸಮಾನವಾದ ಭಾವಭೂಮಿಗೆ ಏರಿಸುತ್ತವೆ. ಭಟ್ಟನಾಯಕನು ತಂದ ಸಾಧಾರಣೀಕರಣವೆಂಬ ತತ್ತ್ವಕ್ಕೆ ಇಲ್ಲಿ ಅತ್ಯಂತ ವ್ಯಾವಹಾರಿಕವಾದ ಉಪಯೋಗವಿದೆ. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯು (೧೯೫೩) ಪ್ರಕಟವಾದ ಮೇಲೆ ನಮ್ಮ ವಿದ್ಯಾರ್ಥಿಗಳಿಗೆ ಈ ಪರಿಭಾಷೆ ಅಪರಿಚಿತವಲ್ಲ; ಆದರೆ ಅದನ್ನು ಪರೀಕ್ಷೆಯ ಉತ್ತರಪತ್ರಿಕೆಯಿಂದ ಹೊರಗೆ ತಂದು ಬದುಕಿನೊಡನೆ ತಾಳೆನೋಡುವ ಅಭ್ಯಾಸ ಸಾಲದು.

ಈ ದೃಷ್ಟಿಯಿಂದ ನೋಡಿದರೆ, ಬಂದಿಯ ಮಗುವಿಗೆ ನಿನ್ನ ತಂದೆಯ ವಿಷಯವನ್ನು ಕುರಿತೇ ಒಂದು ಕವಿತೆ ಬರೆ ಎಂದು ಹೇಳುವ ಕ್ರಮವು ವಿಘ್ನವನ್ನೇ ವಸ್ತುವಾಗಿ ಕೊಟ್ಟಂತೆ. ಬರೆಯಬಲ್ಲ ಮಗು ಬರೆದೀತು. ಅದರಿಂದ ಅದಕ್ಕೆ ಹಗುರವೂ ಆದೀತು. ಆದರೆ ಬರೆದುದನ್ನು ಸಭೆಯಲ್ಲಿ ಓದಿಸಿ, ಕೇಳಿದವರು ಕಣ್ಣೊರೆಸಿಕೊಳ್ಳುವಂತೆ ಮಾಡುವುದು ಉಪಕಾರವೋ ಅಪಕಾರವೋ ಎಂಬುದು ವಿಚಾರಾರ್ಹ. ಮರುದಿನ ಬೆಳಿಗ್ಗೆ ಅದೇ ಶಾಲೆಗೆ, ಅದೇ ಬೆಂಚಿಗೆ ಹೋಗಿ ಕುಳಿತುಕೊಳ್ಳಬೇಕಾದುದು ಆ ಮಗು ತಾನೆ?

ಪಾಶ್ಚಾತ್ಯ ಸಾಹಿತ್ಯದಿಂದ ಒಂದು ನಿದರ್ಶನವನ್ನು ಕೊಡಬಹುದು. ೧೮೨೪ರಲ್ಲಿ ಚಾರ್ಲ್ಸ್ ಡಿಕನ್ಸನ ತಂದೆ ಸಾಲ ತೀರಿಸಲಾರದೆ ಲಂಡನ್ನಿನ ಮಾರ್ಷಲ್ಸೀ ಸೆರೆಮನೆಗೆ ಹೋದಾಗ ಡಿಕನ್ಸನಿಗೆ ಹನ್ನೆರಡು ವರ್ಷ. ಅವನು ಬೂಟಿನ ಮಸಿಯ ಕಾರ್ಖಾನೆಯಲ್ಲಿ ದುಡಿಯಬೇಕಾಯಿತು. ಆ ಅವಮಾನವನ್ನು ಅವನು ಬಾಳಿನುದ್ದಕ್ಕೂ ಬಹಿರಂಗವಾಗಿ ಹೇಳಲಿಲ್ಲ. ಲೋಕಕ್ಕೆ ತಿಳಿದುದು ಅವನ ಮರಣಾನಂತರ, ಗೆಳೆಯ ಫಾರ್ಸ್ಟರನು ಬರೆದ ಜೀವನಚರಿತ್ರೆಯಿಂದ. ಆದರೆ ಹೆಸರು ಬದಲಾಯಿಸಿ, ವೇಷ ತೊಡಿಸಿ ಹೇಳುವಾಗ ಅವನಿಗೆ ಯಾವ ಸಂಕೋಚವೂ ಇರಲಿಲ್ಲ. ‘ಡೇವಿಡ್ ಕಾಪರ್‌ಫೀಲ್ಡ್’ ಕಾದಂಬರಿಯ ಮಿಕಾಬರನು ಸಾಲಕ್ಕಾಗಿ ಸೆರೆಹೋಗುತ್ತಾನೆ. ನಾವು ಅವನನ್ನು ನೋಡಿ ನಗುತ್ತೇವೆ, ಅವನನ್ನು ಪ್ರೀತಿಸುತ್ತೇವೆ. ‘ಲಿಟ್ಲ್ ಡಾರಿಟ್’ನಲ್ಲಿ ಮಾರ್ಷಲ್ಸೀಯಲ್ಲಿಯೇ ಹುಟ್ಟಿ ಬೆಳೆದ ಏಮಿ ಎಂಬ ಹುಡುಗಿ ಇಡೀ ಕಾದಂಬರಿಯ ಅಂತಸ್ಸಾಕ್ಷಿಯಾಗುತ್ತಾಳೆ. ನೇರವಾಗಿ ಹೇಳಲಾರದುದನ್ನು ಡಿಕನ್ಸನು ವೇಷದ ಮರೆಯಿಂದ ಹೇಳಿದನು. ಇದನ್ನು ಸುಳ್ಳೆನ್ನಲಾಗದು. ಬೊಂಬಾಯಿಯ ಹೋಟೆಲೆಂಬ ಮಾತಿಗೂ ಮಿಕಾಬರನ ಪಾತ್ರಕ್ಕೂ ಇರುವ ಅಂತರವೇ ಸುಳ್ಳಿಗೂ ಕಲೆಗೂ ಇರುವ ಅಂತರ: ಮೊದಲನೆಯದು ಬಂದಿಯನ್ನು ಅಳಿಸಿಹಾಕುತ್ತದೆ, ಎರಡನೆಯದು ಅವನನ್ನು ಉಳಿಸಿಕೊಳ್ಳುತ್ತದೆ.

ಮುಖವರ್ಣಿಕೆ, ಕೇದಗೆಮುಂದಲೆ, ಗೆಜ್ಜೆ, ಚೆಂಡೆಮದ್ದಳೆಗಳ ನಾದ ಇವುಗಳಿಂದ ಕೂಡಿದ ಯಕ್ಷಗಾನಕ್ಕಿಂತ ಪೂರ್ಣವಾದ ವೇಷವನ್ನು ಕಲ್ಪಿಸುವುದು ಕಷ್ಟ. ಅಭಿನವಗುಪ್ತನು ಹೇಳಿದ ಪರಿಹಾರದ ಸಾಮಗ್ರಿಯೆಲ್ಲ ಇಲ್ಲಿ ಒಂದೆಡೆ ನೆರೆದಿದೆ. ಚೌಕಿಯಲ್ಲಿ ಕುಳಿತು ಬಣ್ಣ ಹಚ್ಚಿಕೊಂಡ ಹುಡುಗನ ಮುಖವನ್ನು ಅವನ ನೆರೆಮನೆಯವರೂ ಕೂಡಲೆ ಗುರುತಿಸಲಾರರು. ಇಂಥವನ ಮಗನೆಂದು ಊರು ಅವನಿಗೆ ಕಟ್ಟಿಟ್ಟ ಹೆಸರು ಅಷ್ಟು ಹೊತ್ತಿನ ಮಟ್ಟಿಗೆ ರಂಗದ ಹೊರಗೆ ಉಳಿಯುತ್ತದೆ.

೪

ಇನ್ನು ಕಥೆಯ ವಿಚಾರ. ಮಕ್ಕಳಿಂದ ಆಡಿಸುವ ಪ್ರಸಂಗಗಳಲ್ಲಿ ಕೃಷ್ಣಲೀಲೆ, ಕಂಸವಧೆಗಳು ಬಹಳ ಜನಪ್ರಿಯವಾದವು. ಪೂತನಿಯ ಮಾಯೆ, ಬೆಣ್ಣೆಯ ಕಳವು, ಅಗಸನ ಪ್ರಸಂಗದ ಹಾಸ್ಯ, ಕಡೆಯಲ್ಲಿ ಕಂಸನ ಪತನ ಇವೆಲ್ಲವೂ ಮಕ್ಕಳ ಮನೋಧರ್ಮಕ್ಕೆ ಹಿಡಿಸುವಂಥವು. ಆದರೆ ಮೂಲವಾದ ಭಾಗವತದ ದಶಮಸ್ಕಂಧವನ್ನು ಗಮನವಿಟ್ಟು ಓದಿದರೆ, ಬಂದಿಗಳ ಮಗನೆಂಬ ನೆಲೆಯಿಂದ ಕೃಷ್ಣನನ್ನು ಕಾಣಿಸುವ ಸಂದರ್ಭಗಳು ಈ ಆಕರ್ಷಕವಾದ ಭಾಗಗಳಲ್ಲಿ ಇಲ್ಲ. ಅವುಗಳ ನಡುವಣ ಸಂಧಿಗಳಲ್ಲಿವೆ. ಅಂಥ ನಾಲ್ಕನ್ನು ಇಲ್ಲಿ ಎತ್ತಿ ಹೇಳುತ್ತೇವೆ.

ಮೊದಲನೆಯದು, ಬಿಡುಗಡೆ ಮತ್ತು ಮರುಬಂಧನ. ಜನರಲ್ಲಿ ಪ್ರಚಲಿತವಾದ ಕಥೆಯಂತೆ ದೇವಕೀವಸುದೇವರು ಒಂದೇ ಸಮನೆ ಸೆರೆಯಲ್ಲಿದ್ದವರು. ಭಾಗವತದಲ್ಲಿ ಹಾಗಿಲ್ಲ. ಯೋಗಮಾಯೆಯ ಮಾತನ್ನು ಕೇಳಿ ಪಶ್ಚಾತ್ತಾಪಪಟ್ಟ ಕಂಸನು ಅವರನ್ನು ಬಿಡಿಸುತ್ತಾನೆ. ವರ್ಷಗಳ ಮೇಲೆ ನಾರದನಿಂದ ನಿಜಸಂಗತಿ ತಿಳಿದಾಗ ಮತ್ತೆ ಸಂಕೋಲೆ ತೊಡಿಸುತ್ತಾನೆ. ಜಾಮೀನು ದೊರೆತು ಮನೆಗೆ ಬಂದ ತಂದೆ ಮರಳಿ ಒಳಗೆ ಹೋದುದನ್ನು ಕಂಡ ಮಗುವಿಗೆ ಈ ವಿವರದ ಅರ್ಥವನ್ನು ಬೇರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು, ಅಕ್ರೂರನೊಡನೆ ನಡೆಯುವ ಸಂಭಾಷಣೆ. ಗೋಕುಲಕ್ಕೆ ಬಂದ ಅಕ್ರೂರನೊಡನೆ ಮಾತನಾಡುತ್ತ ಕೃಷ್ಣನು ತನ್ನ ನಿಮಿತ್ತವಾಗಿಯೇ ತಂದೆತಾಯಿಗಳು ಮಕ್ಕಳನ್ನು ಕಳೆದುಕೊಂಡರು, ತನ್ನ ನಿಮಿತ್ತವಾಗಿಯೇ ಬಂಧನಕ್ಕೊಳಗಾದರು ಎಂಬ ಭಾವದಿಂದ ಮರುಗುತ್ತಾನೆ. ಇದು ಮನಶ್ಶಾಸ್ತ್ರದ ದೃಷ್ಟಿಯಿಂದ ಬಹು ಬೆಲೆಯುಳ್ಳ ಮಾತು. ಹಿರಿಯರಿಗೆ ಕೇಡು ಬಂದಾಗ ಅದಕ್ಕೆ ತಾನೇ ಕಾರಣನೆಂದು ತಿಳಿಯುವುದು ಎಳೆಯರ ಸ್ವಭಾವ. ತನ್ನ ಶಾಲೆಯ ಶುಲ್ಕಕ್ಕಾಗಿಯೇ ತಂದೆ ಆ ಹಣವನ್ನು ಮುಟ್ಟಿದನೋ ಎಂದು ರಾತ್ರಿಯೆಲ್ಲ ಯೋಚಿಸುವ ಮಗುವಿದ್ದರೆ, ಅವತಾರಪುರುಷನೆನಿಸಿದವನೂ ಹೀಗೆಯೇ ಯೋಚಿಸಿದನೆಂಬುದು ಅದಕ್ಕೆ ಸಣ್ಣ ಸಂಗತಿಯಲ್ಲ.

ಮೂರನೆಯದು, ಪುನರ್ಮಿಲನ. ಕಂಸನು ಬಿದ್ದ ಬಳಿಕ ರಾಮಕೃಷ್ಣರು ತಂದೆತಾಯಿಗಳ ಬಂಧನವನ್ನು ಬಿಡಿಸಿ ಕಾಲಿಗೆರಗುತ್ತಾರೆ. ಇಲ್ಲಿ ಸಾಮಾನ್ಯ ಕವಿಯಾಗಿದ್ದರೆ ಆಲಿಂಗನವನ್ನೂ ಆನಂದಬಾಷ್ಪವನ್ನೂ ವರ್ಣಿಸುತ್ತಿದ್ದನು. ಭಾಗವತದ ಕವಿ ಹಾಗೆ ಮಾಡುವುದಿಲ್ಲ. ಮಕ್ಕಳನ್ನು ಜಗದೀಶ್ವರರೆಂದು ತಿಳಿದ ತಂದೆತಾಯಿಗಳು ಶಂಕಿಸುತ್ತಾರೆ, ಅಪ್ಪಿಕೊಳ್ಳುವುದಿಲ್ಲ. ಮೊದಲು ಮಾತನಾಡಬೇಕಾದವನು ಮಗನೇ. ನೀವು ಸದಾ ಹಂಬಲಿಸುತ್ತಿದ್ದರೂ ನಮ್ಮ ಶೈಶವ, ಬಾಲ್ಯ, ಕೈಶೋರಗಳ ಸುಖ ನಿಮಗೆ ಲಭಿಸಲಿಲ್ಲ; ನಿಮ್ಮ ಸೇವೆಯನ್ನು ಮಾಡಲಾಗದೆ ಕಳೆದ ದಿನಗಳು ನಮಗೂ ವ್ಯರ್ಥವಾದವು ಎಂಬರ್ಥದ ಮಾತುಗಳನ್ನು ಕೃಷ್ಣನು ಆಡಿದ ಮೇಲೆಯೇ ಅವರು ಮಕ್ಕಳನ್ನು ತಬ್ಬಿಕೊಂಡು ಮಾತಿಲ್ಲದೆ ಅಳುತ್ತಾರೆ. ದೈವತ್ವದ ಕಾರಣವನ್ನು ಬದಿಗಿರಿಸಿ ನೋಡಿದರೆ, ಸೆರೆಯಿಂದ ಬಂದವನ ಮತ್ತು ಬೆಳೆದುನಿಂತ ಮಗುವಿನ ಮೊದಲ ಭೇಟಿಯ ಚಿತ್ರವೇ ಇದಾಗಿದೆ. ನಡುವೆ ಕೈಶೋರವೇ ಕಳೆದುಹೋಗಿದೆ, ಇಬ್ಬರೂ ಅಪರಿಚಿತರು, ಕೈ ಚಾಚಲು ಅಳುಕು.

ನಾಲ್ಕನೆಯದು, ನಂದನ ಬೀಳ್ಕೊಡುಗೆ. ಪೋಷಿಸಲಾರದ ಬಂಧುಗಳು ಬಿಟ್ಟುಕೊಟ್ಟ ಮಕ್ಕಳನ್ನು ತಮ್ಮ ಮಕ್ಕಳಂತೆಯೇ ಸಾಕಿದವರೇ ತಂದೆತಾಯಿಗಳು ಎಂದು ಕೃಷ್ಣನು ನಂದನಿಗೆ ಹೇಳಿ ಅವನನ್ನು ವ್ರಜಕ್ಕೆ ಕಳುಹಿಸುತ್ತಾನೆ. ನಂದನು ಮರಳುತ್ತಾನೆ. ಇಂಥ ಮಕ್ಕಳಿಗೆ ಆಸರೆಯಾದ ಅಧ್ಯಾಪಕರೂ ಗುರುಗಳೂ ಕಲಿಯಬೇಕಾದ ಪಾಠವಿದು: ಸಾಕುವುದು, ಕಲಿಸುವುದು, ಸಮಯ ಬಂದಾಗ ಹೆತ್ತವರಿಗೆ ಎಡೆ ಬಿಟ್ಟು ಸರಿಯುವುದು.

ಕಾಲದ ಮಿತಿಗೆ ಒಳಪಟ್ಟ ಪ್ರದರ್ಶನಗಳಲ್ಲಿ ಕಂಸನು ಬಿದ್ದೊಡನೆ ಮಂಗಳ ಹಾಡುವುದುಂಟು. ವೀರರಸದ ಮಟ್ಟಿಗೆ ಕಥೆ ಅಲ್ಲಿಗೆ ಮುಗಿದಂತೆಯೇ. ಆದರೆ ಹಾಗೆ ಮುಗಿಸಿದಾಗ ಕಂಸವಧೆಯು ಬಂದಿಗಳ ಮಗನ ಕಥೆಯಾಗಿ ಉಳಿಯದೆ ಕೇವಲ ಒಬ್ಬ ದುಷ್ಟನ ಸಂಹಾರದ ಕಥೆಯಾಗುತ್ತದೆ. ಹತ್ತು ನಿಮಿಷಗಳ ಯುದ್ಧದ ಕುಣಿತವನ್ನು ಮೊಟಕುಮಾಡಿ, ಅಕ್ರೂರನ ಸಂವಾದಕ್ಕೂ ದೇವಕೀವಸುದೇವರ ಎದುರಿನ ಆ ಮೌನಕ್ಕೂ ಎಡೆಮಾಡಿಕೊಡುವುದು ಭಾಗವತರಿಗೆ ಅಸಾಧ್ಯವಾದುದಲ್ಲ.

೫

ಇಲ್ಲಿ ಒಂದು ಬಲವಾದ ಆಕ್ಷೇಪವೇಳುತ್ತದೆ. ದೇವಕ��ವಸುದೇವರು ನಿರಪರಾಧಿಗಳು; ಸೆರೆಗೆ ಹಾಕಿದವನೇ ಪಾಪಿ. ನಿಜವಾಗಿ ತಪ್ಪುಮಾಡಿ ಶಿಕ್ಷೆ ಅನುಭವಿಸುತ್ತಿರುವವನ ಮಗುವಿಗೆ ಈ ಕಥೆಯನ್ನು ಕೊಟ್ಟರೆ ನ್ಯಾಯಾಧೀಶನೇ ಕಂಸನೆಂದೂ ತನ್ನ ತಂದೆಯೇ ವಸುದೇವನೆಂದೂ ಅದು ತಿಳಿಯಲಾರದೆ? ಹಾಗೆ ತಿಳಿದರೆ ಕಲೆಯು ಮೋಹವನ್ನು ಬೆಳೆಸಿದಂತಾಗಲಿಲ್ಲವೆ?

ಆಕ್ಷೇಪವು ಸಮಂಜಸವಾಗಿಯೇ ಇದೆ. ಆದುದರಿಂದಲೇ ಒಂದು ಪ್ರಸಂಗವನ್ನು ಮಾತ್ರ ನೆಚ್ಚದೆ ಪರಂಪರೆಯ ಇತರ ಪ್ರಸಂಗಗಳನ್ನೂ ನೋಡಬೇಕಾಗುತ್ತದೆ. ಪ್ರಹ್ಲಾದನ ಕಥೆಯಲ್ಲಿ ಸೆರೆಮನೆಯ ಪ್ರಶ್ನೆಯಿಲ್ಲ, ಆದರೆ ತಪ್ಪಿತಸ್ಥನಾದ ತಂದೆಯ ಪ್ರಶ್ನೆಯಿದೆ. ಹಿರಣ್ಯಕಶಿಪುವಿನ ಕ್ರೌರ್ಯವನ್ನು ಪ್ರಹ್ಲಾದನು ಒಮ್ಮೆಯೂ ಸಮರ್ಥಿಸುವುದಿಲ್ಲ. ಆದರೆ ತಂದೆ ಸತ್ತ ಮೇಲೆ ವರವನ್ನು ಕೇಳೆಂದು ನರಸಿಂಹನು ಹೇಳಿದಾಗ ಅವನು ಬೇಡುವುದು ಆ ತಂದೆಯ ಪಾಪವಿಮೋಚನೆಯನ್ನು. ತಂದೆಯನ್ನು ಬಿಟ್ಟುಕೊಡದೆ ತಂದೆಯ ಕೃತ್ಯವನ್ನು ಬಿಟ್ಟುಕೊಡುವುದು ಹೇಗೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾತ್ರ ನಮ್ಮ ಪುರಾಣಗಳಲ್ಲಿ ವಿರಳ.

ಇನ್ನೂ ಕಠಿಣವಾದುದು ಅಂಗದನ ಪಾತ್ರ. ‘ಅಂಗದ ಸಂಧಾನ’ದಲ್ಲಿ ವಾಲಿಯ ಮಗನು, ತನ್ನ ತಂದೆಯನ್ನು ಕೊಂದ ರಾಮನ ದೂತನಾಗಿ ರಾವಣನ ಸಭೆಗೆ ಬರುತ್ತಾನೆ. ತಂದೆಯನ್ನು ಕೊಂದವನ ಊಳಿಗದಲ್ಲಿರುವೆಯಲ್ಲ ಎಂದು ರಾವಣನು ಚುಚ್ಚುತ್ತಾನೆ. ತಾಳಮದ್ದಳೆಯಲ್ಲಿ ಈ ಪಾತ್ರದ ಅರ್ಥವನ್ನು ಹೇಳುವವನು ಅಲ್ಲಿಯೇ, ಆ ಗಳಿಗೆಯಲ್ಲಿಯೇ ಉತ್ತರವನ್ನು ಕಟ್ಟಬೇಕು. ವಾಲಿಯು ತಪ್ಪುಮಾಡಲಿಲ್ಲ ಎಂದರೆ ತಾನು ಬಂದ ಕಾರ್ಯ ಕೆಡುತ್ತದೆ. ವಾಲಿಯು ನೀಚನೆಂದರೆ ಮಗನೆಂಬ ಮಾತು ಕೆಡುತ್ತದೆ. ಈ ಇಕ್ಕಟ್ಟಿನಿಂದ ಹಾದುಹೋಗುವ ದಾರಿಯನ್ನು ಅವನೇ ಕಂಡುಕೊಳ್ಳಬೇಕು. ಬರೆದುಕೊಟ್ಟ ಮಾತಿಲ್ಲದಿರುವುದೇ ಇಲ್ಲಿಯ ಶಿಕ್ಷಣ.

ಅರ್ಥಗಾರಿಕೆಯ ಮೂಲಧರ್ಮವೇ ಇದು. ತನಗೆ ವಹಿಸಿದ ಪಾತ್ರವು ದುರ್ಯೋಧನನದಾಗಲಿ ರಾವಣನದಾಗಲಿ, ಅದರ ಪಕ್ಷವನ್ನು ಸಮರ್ಥವಾಗಿ ಮಂಡಿಸಬೇಕು. ಎದುರಾಳಿಯ ಮಾತನ್ನೂ ಪೂರ್ಣವಾಗಿ ಕೇಳಬೇಕು. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬) ವಾಲಿ, ರಾವಣ ಮೊದಲಾದ ಪಾತ್ರಗಳ ಅರ್ಥವನ್ನು ಹೇಳುವಾಗ, ಕೇಳುವವರು ಅಧರ್ಮಕ್ಕೆ ಒಲಿಯದೆಯೇ ಆ ಪಾತ್ರದ ನೋವಿಗೆ ಒಲಿಯುತ್ತಿದ್ದರು. ಇಲ್ಲಿ ಪ್ರಯೋಜನಕ್ಕೆ ಬರುವುದು ಈ ವಿವೇಕವೇ. ತೀರ್ಪು ಇನ್ನೂ ಬಾರದ ವಿಚಾರಣಾಧೀನನ ಮಗುವಿಗೆ ವಸುದೇವನ ಕಥೆಯೂ ಪೂರ್ತಿ ಒಪ್ಪುವುದಿಲ್ಲ, ಹಿರಣ್ಯಕಶಿಪುವಿನ ಕಥೆಯೂ ಒಪ್ಪುವುದಿಲ್ಲ. ಎರಡು ಪಕ್ಷಗಳನ್ನೂ ಕೇಳಿಸಿಕೊಂಡು, ಅವಸರದ ತೀರ್ಪನ್ನು ತಡೆದುಕೊಳ್ಳುವ ಅಭ್ಯಾಸವೊಂದೇ ಅದಕ್ಕೆ ಒದಗುವಂಥದು. ತಾಳಮದ್ದಳೆಯು ಆ ಅಭ್ಯಾಸದ ಶಾಲೆ.

ಗೋಡೆಯ ಆಚೆಯಿಂದಲೂ ಇದಕ್ಕೆ ಸಾಕ್ಷ್ಯ ದೊರೆಯುತ್ತದೆ. ಮೈಸೂರಿನ ರಂಗಾಯಣದ ಕಲಾವಿದರಾದ ಹುಲುಗಪ್ಪ ಕಟ್ಟೀಮನಿಯವರು ಕಾರಾಗೃಹವಾಸಿಗಳಿಂದ ನಾಟಕಗಳನ್ನು ಆಡಿಸಿದವರು, ಎಚ್. ಎಸ್. ಶಿವಪ್ರಕಾಶರು ಮ್ಯಾಕ್‌ಬೆತ್ ನಾಟಕವನ್ನು ಆಧರಿಸಿ ಬರೆದ ‘ಮಾರನಾಯಕ’ವೂ ಅವುಗಳಲ್ಲಿ ಒಂದು. ಕೊಲೆಯ ಅಪರಾಧದಲ್ಲಿ ಶಿಕ್ಷೆ ಅನುಭವಿಸುತ್ತಿರುವವರು ಕೊಲೆಗಾರನಾದ ದೊರೆಯ ನಾಟಕವನ್ನು ಆಡುವುದೆಂದರೆ ಅದು ತಪ್ಪೊಪ್ಪಿಗೆಯೂ ಅಲ್ಲ, ಸಮರ್ಥನೆಯೂ ಅಲ್ಲ. ವೇಷದ ಮರೆಯಲ್ಲಿ ನಿಂತು ತಪ್ಪನ್ನು ನೋಡುವ ಕ್ರಮ. ಮಗನು ಊರಿನಲ್ಲಿ ಅಂಗದನ ಅರ್ಥ ಹೇಳುತ್ತಿರುವಾಗ ತಂದೆಯು ಸೆರೆಮನೆಯಲ್ಲಿ ಅಂಥದೊಂದು ಪಾತ್ರವನ್ನು ಕಲಿಯುತ್ತಿದ್ದರೆ, ಸಂದರ್ಶನದ ಕೆಲವೇ ನಿಮಿಷಗಳಲ್ಲಿ ಮಾತನಾಡಲು ಇಬ್ಬರಿಗೂ ಒಂದು ವಿಷಯ ದೊರೆಯುತ್ತದೆ. ಇದು ಕಡಮೆ ಲಾಭವಲ್ಲ.

೬

ಈ ಸೀಮೆಯಲ್ಲಿ ಆಗಿರುವ ಕೆಲಸವನ್ನು ಇನ್ನು ನೋಡಬಹುದು. ‘ಯಕ್ಷಗಾನ ಬಯಲಾಟ’ ಎಂಬ ಗ್ರಂಥದಿಂದ ಈ ಕಲೆಯ ವಿಮರ್ಶೆಗೆ ಅಡಿಗಲ್ಲಿಟ್ಟ ಕಾರಂತರೇ ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣಕ್ಕೂ ಕಲೆಗೂ ನಂಟು ಕಟ್ಟಿದವರು. ೧೯೭೦ರ ದಶಕದಲ್ಲಿ ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆ ಇವರು ಸಾಲಿಗ್ರಾಮದಲ್ಲಿ ಮಕ್ಕಳ ಮೇಳವನ್ನು ಕಟ್ಟಿ, ಎಳೆಯರ ಯಕ್ಷಗಾನವು ದೊಡ್ಡವರ ಆಟದ ಅನುಕರಣವಾಗಬೇಕಿಲ್ಲವೆಂದು ತೋರಿಸಿದರು. ಉಡುಪಿಯ ಯಕ್ಷಗಾನ ಕಲಾರಂಗ ಮತ್ತು ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಲ್ಲಿ ಯಕ್ಷಗಾನವನ್ನು ಕಲಿಸುತ್ತ ಕಿಶೋರ ಯಕ್ಷಗಾನ ಪ್ರದರ್ಶನಗಳನ್ನು ನಡೆಸುತ್ತ ಬಂದಿವೆ. ಗಂಡಸರ ಮೇಳಗಳ ಈ ನಾಡಿನಲ್ಲಿ ಇಂದು ಹುಡುಗಿಯರೂ ಕೃಷ್ಣನಾಗಿ, ಕಂಸನಾಗಿ ಕುಣಿಯುತ್ತಾರೆ.

ಇವುಗಳಲ್ಲಿ ಯಾವುದೂ ಬಂದಿಗಳ ಮಕ್ಕಳಿಗಾಗಿ ಹುಟ್ಟಿದುದಲ್ಲ. ಮೇಲುನೋಟಕ್ಕೆ ಇದು ಕೊರತೆಯಾಗಿ ಕಾಣಬಹುದು; ನಮಗೆ ಇದೇ ಗುಣವಾಗಿ ಕಾಣುತ್ತದೆ. ಬಂದಿಗಳ ಮಕ್ಕಳದೇ ಆದ ಒಂದು ಮೇಳವನ್ನು ಕಟ್ಟಿದ ದಿನ ವೇಷದ ಪ್ರಯೋಜನವೆಲ್ಲ ನಷ್ಟವಾಗುತ್ತದೆ. ಬಣ್ಣದ ಕೆಳಗಿನ ಮುಖ ಯಾರದೆಂದು ಪ್ರೇಕ್ಷಕರಿಗೆ ಮೊದಲೇ ತಿಳಿದಿರುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬನಾಗಿ, ಅವರಂತೆಯೇ ತಾಳ ತಪ್ಪಿ ಬೈಸಿಕೊಂಡು, ಅವರಂತೆಯೇ ಗೆಜ್ಜೆ ಕಟ್ಟುವಾಗ ಆ ಮಗುವಿಗೆ ದೊರೆಯುವುದು ದಯೆಯಲ್ಲ, ಸಮಾನತೆ.

ಇದೇ ತಾಲೂಕಿನ ಇನ್ನೊಂದು ಸಂಗತಿಯನ್ನು ಇಲ್ಲಿ ಸ್ಮರಿಸುವುದು ಉಚಿತ. ‘ಸಂಸ್ಕಾರ’ ಚಿತ್ರದಲ್ಲಿ (೧೯೭೦) ಚಂದ್ರಿಯ ಪಾತ್ರವನ್ನು ವಹಿಸಿದ ಸ್ನೇಹಲತಾ ರೆಡ್ಡಿಯವರನ್ನು ತುರ್ತುಪರಿಸ್ಥಿತಿಯ ಕಾಲದಲ್ಲಿ, ೧೯೭೬ರ ಮೇ ತಿಂಗಳಲ್ಲಿ, ಬಂಧಿಸಿ ಬೆಂಗಳೂರಿನ ಸೆರೆಮನೆಯಲ್ಲಿ ಇರಿಸಲಾಯಿತು. ಉಬ್ಬಸದಿಂದ ಬಳಲುತ್ತಿದ್ದ ಅವರು ೧೯೭೭ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರು ಸೆರೆಯಲ್ಲಿ ಬರೆದ ದಿನಚರಿ ಆಮೇಲೆ ಪ್ರಕಟವಾಯಿತು. ಆಗ ಹದಿಹರೆಯವನ್ನು ದಾಟಿದ ತರುಣಿಯಾಗಿದ್ದ ಅವರ ಮಗಳು ನಂದನಾ ರೆಡ್ಡಿಯವರು ಮುಂದೆ ದುಡಿಯುವ ಮಕ್ಕಳ ಹಿತಕ್ಕಾಗಿ ಸಂಸ್ಥೆಯೊಂದನ್ನು ಕಟ್ಟಿದರು. ಅದರ ‘ನಮ್ಮ ಭೂಮಿ’ ಎಂಬ ಕೇಂದ್ರವು ಕುಂದಾಪುರ ತಾಲೂಕಿನಲ್ಲಿ ಹದಿಹರೆಯದವರಿಗೆ ಕೈಕಸುಬುಗಳನ್ನು ಕಲಿಸಿತು. ಇದೇ ತಾಲೂಕಿನ ಕೆರಾಡಿಯಲ್ಲಿ ೧೯೯೫ರಲ್ಲಿ ಮಕ್ಕಳ ಪಂಚಾಯತಿಯು ಪ್ರಾರಂಭವಾಯಿತು. ತಾಯಿಯ ಸೆರೆಗೂ ಮಗಳ ಕಾರ್ಯಕ್ಕೂ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸುವುದು ನಮ್ಮ ಉದ್ದೇಶವಲ್ಲ. ಸೆರೆಮನೆಯ ನೋವನ್ನು ಬಲ್ಲವರೊಬ್ಬರು ಮಕ್ಕಳಿಗೆ ಒದಗಿಸಿದುದು ಅಳುವುದಕ್ಕೆ ಎಡೆಯನ್ನಲ್ಲ, ಕೈಗೆ ಕೆಲಸವನ್ನೂ ಬಾಯಿಗೆ ಮಾತನ್ನೂ ಎಂಬುದಷ್ಟನ್ನು ಗಮನಿಸಿದರೆ ಸಾಕು.

ಕಾಲೇಜಿನ ಅಧ್ಯಾಪಕರಿಗೆ ಮತ್ತು ಅಧ್ಯಾಪಕರಾಗಲಿರುವ ವಿದ್ಯಾರ್ಥಿಗಳಿಗೆ ಈ ವಿಚಾರದಿಂದ ಫಲಿಸುವ ಮಾತುಗಳು ಹೆಚ್ಚಿಲ್ಲ. ತರಗತಿಯಲ್ಲಿ ಅಂಥ ಮಗುವಿದೆಯೆಂದು ತಿಳಿದರೆ ಅದನ್ನು ಯಾರಿಗೂ ಹೇಳದಿರುವುದು ಮೊದಲ ಕರ್ತವ್ಯ. ಪಾತ್ರ ಹಂಚುವಾಗ ಅದಕ್ಕೆ ಕರುಣೆಯಿಂದ ನಾಯಕನ ಪಾತ್ರವನ್ನೇ ಕೊಡಬೇಕಾಗಿಲ್ಲ. ಕಂಸನನ್ನೋ ರಾವಣನನ್ನೋ ಅದು ತಾನೇ ಕೇಳಿದರೆ ಹೆದರದೆ ಕೊಡಬಹುದು. ಪ್ರಸಂಗದ ಯುದ್ಧಗಳ ನಡುವಣ ಮಾತುಗಳನ್ನು, ವಿಶೇಷವಾಗಿ ಬಂಧನ, ಬಿಡುಗಡೆ, ಕ್ಷಮೆ ಇವುಗಳಿಗೆ ಸಂಬಂಧಿಸಿದವುಗಳನ್ನು, ಮೊಟಕುಮಾಡಬಾರದು. ಪ್ರದರ್ಶನದ ದಿನ ಮುಂದಿನ ಸಾಲಿನಲ್ಲಿ ತಂದೆಯ ಆಸನ ಬರಿದಾಗಿದ್ದರೆ ಅಲ್ಲಿ ಅಧ್ಯಾಪಕನು ಹೋಗಿ ಕುಳಿತುಕೊಳ್ಳಬಹುದು. ಆದರೆ ನಂದನಂತೆ ಎದ್ದುಹೋಗಲೂ ಸಿದ್ಧನಿರಬೇಕು.

ಬಂಧನದ ಪ್ರಸಂಗಗಳು ನಮ್ಮಲ್ಲಿ ಇನ್ನೂ ಹಲವಿವೆ. ಬಾಣಾಸುರನ ಸೆರೆಯಲ್ಲಿದ್ದ ಅನಿರುದ್ಧನ ಕಥೆ ಅವುಗಳಲ್ಲಿ ಒಂದು. ಅವುಗಳ ಪದ್ಯಭಾಗವನ್ನೂ ರಂಗದಲ್ಲಿ ಬಳಕೆಯಲ್ಲಿರುವ ಅರ್ಥವನ್ನೂ ಈ ದೃಷ್ಟಿಯಿಂದ ಹೋಲಿಸಿ ನೋಡುವ ಕೆಲಸ ಆಗಬೇಕಾಗಿದೆ. ಆ ಕೆಲಸವನ್ನು ಕೈಗೊಳ್ಳುವ ವಿದ್ಯಾರ್ಥಿಯು ಗ್ರಂಥಭಂಡಾರದಿಂದ ಪ್ರಾರಂಭಿಸದೆ, ಒಂದು ಸಂಜೆ ಪ್ರೌಢಶಾಲೆಯೊಂದರ ಚೌಕಿಯ ಬಾಗಿಲಲ್ಲಿ ನಿಂತು, ಬಾಲಗೋಪಾಲನ ವೇಷ ಕಟ್ಟಿಕೊಳ್ಳುತ್ತಿರುವ ಮಕ್ಕಳನ್ನು ನೋಡಿ ಪ್ರಾರಂಭಿಸುವುದು ಲೇಸು. ಅವರಲ್ಲಿ ಯಾರು ಯಾರ ಮಗುವೆಂಬುದು ಅವನಿಗೆ ತಿಳಿಯದು. ತಿಳಿಯಬೇಕಾದ ಅಗತ್ಯವೂ ಇಲ್ಲ.